ಹಸುವಿನ ಮೆಲುಕು ಎಣಿಸಿದ ಕಪ್ಪು ಸ್ಪಂಜು

"ಹಸು ಮೂತಿಗೆ ಮಸಿ ಬಳಿಯೋಕೆ ಇಷ್ಟು ಖರ್ಚಾ ಭಾವ?" ಅಂತ ನಕ್ಕಿದ್ದ ನನ್ನ ಭಾಮೈದ. ಈಗ ಮೂರು ವಾರದಿಂದ ಮದ್ದೂರಿನ ಹತ್ತಿರದ ಅವನ ಕೊಟ್ಟಿಗೆಯಲ್ಲಿ ಎಚ್ಎಫ್ ತಳಿಯ ಹಸು, ಮೆಲುಕು ಎಣಿಸಲು ನಾನು ಮಾಡಿದ ಅದೇ ಪಟ್ಟಿಯನ್ನು ಮೂತಿಗೆ ಕಟ್ಟಿಕೊಂಡಿದೆ. ದವಡೆ ಆಡಿದಾಗೆಲ್ಲ ಪಟ್ಟಿಯೊಳಗಿನ ಗ್ರಾಫೀನ್ (ಗ್ರಾಫೈಟ್‌ನ ತೀರಾ ತೆಳು ಪದರ) ಹಿಡಿದ ಸ್ಪಂಜು ಒತ್ತಿಕೊಳ್ಳುತ್ತದೆ, ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುತ್ತದೆ, ಆರ್ಡುಯಿನೊ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು ಎಣಿಸುತ್ತದೆ.

ಮೊದಲು ಹೋದ ದುಡ್ಡಿನ ಕಥೆ. ಅಗ್ಗಕ್ಕೆ ಸಿಕ್ಕಿತೆಂದು ತರಿಸಿದ ಪುಡಿಗೆ ನಾಲ್ಕು ಸಾವಿರ. ಅದರಲ್ಲಿ ಸ್ಪಂಜು ಅದ್ದಿ ಒಣಗಿಸಿದರೆ ರೆಸಿಸ್ಟೆನ್ಸ್ ಮೆಗಾಓಮ್, ಕರೆಂಟ್ ಹರಿಯುವುದೇ ಇಲ್ಲ ಅನ್ನುವಷ್ಟು! ಬರೀ ದಪ್ಪ ಗ್ರಾಫೈಟ್ ಅದು. ಸೋಪಿನ ನೀರಲ್ಲಿ ಗ್ರಾಫೈಟ್ ಹಾಕಿ ಮಿಕ್ಸಿ ತಿರುಗಿಸಿದರೆ ಗ್ರಾಫೀನ್ ಬರುತ್ತದೆ ಅಂತ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು 2014ರಲ್ಲಿ ತೋರಿಸಿದ್ದರಲ್ವಾ, ಅದನ್ನೂ ಮಾಡಿದೆ. ಬಂದಿದ್ದು ಚೂರೇ ಚೂರು. ಆ ಜಾರ್ ಇನ್ನೂ ಅಡುಗೆಮನೆಗೆ ವಾಪಸ್ ಹೋಗಿಲ್ಲ.

ಆ ಟ್ರಿನಿಟಿಯವರೇ 2016ರಲ್ಲಿ ಸಿಲಿಕೋನ್ ಪುಟ್ಟಿಗೆ (ಕಲಸಿದ ಹಿಟ್ಟಿನಂಥ ಮೆತ್ತನೆ ವಸ್ತು) ಗ್ರಾಫೀನ್ ಕಲಸಿ 500ರ ಗೇಜ್ ಫ್ಯಾಕ್ಟರ್ ತೆಗೆದರು, ಅಂದರೆ ಚೂರು ಎಳೆದರೂ ರೆಸಿಸ್ಟೆನ್ಸ್ ಎಷ್ಟು ಪಟ್ಟು ಬದಲಾಗುತ್ತದೆ ಅನ್ನೋ ಅಳತೆ. ಎಳೆತ ಅಳೆಯುವ ನಮ್ಮ ಮಾಮೂಲಿ ಲೋಹದ ಸ್ಟ್ರೇನ್ ಗೇಜ್‌ದು 2. ನಾನೂ ಕಲಸಿದೆ. ಕತ್ತಿನ ಮೇಲಿಟ್ಟರೆ ನಾಡಿ ಸೊಗಸಾಗಿ ಕಂಡಿತು. ಹಸುವಿಗೆ ಕಟ್ಟಿದರೆ ಮಧ್ಯಾಹ್ನದ ಹೊತ್ತಿಗೆ ಹರಿದು ಗದ್ದಕ್ಕಿಳಿದಿತ್ತು.

ಕೊನೆಗೆ ಏಳು ಸಾವಿರ ಕೊಟ್ಟು ಒಳ್ಳೆ ಪುಡಿ ತಂದೆ. ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಕಲಸಿ, ಪರಿಚಯದ ಚಿನ್ನದಂಗಡಿಯ ಅಲ್ಟ್ರಾಸಾನಿಕ್ ಕ್ಲೀನರಿನಲ್ಲಿ ಮುಕ್ಕಾಲು ಗಂಟೆ ಇಟ್ಟೆ. ಸ್ಪಂಜು ಹಾಸಿಗೆ ಅಂಗಡಿಯ ಚೂರು, ಬಿಟ್ಟಿ. ಅದ್ದು, ಹಿಂಡು, ಒಣಗಿಸು, ಐದು ಸಲ. ಸುಮಾರು 30 ಕಿಲೋಓಮ್ ಬಂತು, ಒತ್ತಿದರೆ 8ರ ಹತ್ತಿರ. ಹೊಸ ಸ್ಪಂಜನ್ನು ನಂಬಬೇಡಿ. ಐನೂರು ಸಲ ಒತ್ತಿ ಬಿಟ್ಟಮೇಲೇ ರೀಡಿಂಗ್ ಒಂದು ಕಡೆ ನಿಲ್ಲುತ್ತದೆ.

ಮೊದಲನೆಯದನ್ನು ಜೊಲ್ಲು ಕೆಡಿಸಿತು. ಹಸುವಿನ ಗದ್ದದಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ಹೊರಗೆ ತೆಳ್ಳಗೆ ಸಿಲಿಕೋನ್ ಸವರಿದೆ. ಪುಡಿ ಉದುರದಿರಲು ಮೂರನೇ ಅದ್ದಿಗೂ ನಾಲ್ಕನೇ ಅದ್ದಿಗೂ ನಡುವೆ ಒಂದು ಕೆಲಸ ಮಾಡುತ್ತೇನೆ. ಅದನ್ನು ಹೇಳಲ್ಲ. ರಬ್ಬರ್ ತೋಟದ ಕಡೆಯವರು ಊಹಿಸಿಯಾರು.

ಹತ್ತು ನಿಮಿಷ ಪಕ್ಕದಲ್ಲೇ ಕೂತು ಎಣಿಸಿದೆ. ನನ್ನ ಲೆಕ್ಕ 560ರ ಆಸುಪಾಸು, ಪಟ್ಟಿಯದು ಹತ್ತೋ ಹನ್ನೆರಡೋ ಕಡಿಮೆ. ಒಂದು ತುತ್ತು ನುಂಗಿ ಇನ್ನೊಂದು ಮೇಲೆ ಬರುವ ತನಕ ನಾಲ್ಕೈದು ಸೆಕೆಂಡ್ ಗೆರೆ ಸಪಾಟು, ಆಮೇಲೆ ಮತ್ತೆ ಏರಿಳಿತ. ಮೊನ್ನೆ ಮೆಲುಕು ಒಂದೂವರೆ ಗಂಟೆ ಕಡಿಮೆ ತೋರಿಸಿತು. ನೋಡಿದರೆ ಹಸು ಬೆದೆಗೆ ಬಂದಿತ್ತು.

ಈಗ ಭಾಮೈದನಿಗೆ ಇನ್ನೊಂದು ಹಸುವಿಗೂ ಬೇಕಂತೆ. 1,200 ಅಂದಿದ್ದೇನೆ. ಎಂಟುನೂರಕ್ಕೆ ಚೌಕಾಸಿ ನಡೆದಿದೆ.