ಪಿಕಪ್‌ಗೆ ದೊಡ್ಡ ಟೈರ್ ಹಾಕಿಸಬೇಕೇ: ಅಳೆದು ನೋಡಿ ತೀರ್ಮಾನಿಸಿದ ಬಗೆ

ಕೊಡಗಿನ ನಾಪೋಕ್ಲಿನಿಂದ ಕಕ್ಕಬ್ಬೆಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಕಾಫಿ ತೋಟವಿದೆ. ಡಾಂಬರು ರಸ್ತೆಯಿಂದ ಕಣದವರೆಗೆ ಒಂದೂಕಾಲು ಕಿಲೋಮೀಟರ್ ಮಣ್ಣಿನ ದಾರಿ; ಅದರ ಕೊನೆಯ ಮುನ್ನೂರು ಮೀಟರ್ ಎರಡೂ ಬದಿಗೆ ಬರೆ, ಅಂದರೆ ಎತ್ತರದ ಮಣ್ಣಿನ ದಂಡೆ, ಇರುವ ಓಣಿ. ಬೇಸಿಗೆಯಲ್ಲಿ ಈ ದಾರಿಯಲ್ಲಿ ಸಣ್ಣ ಕಾರೂ ಬರುತ್ತದೆ. ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ) ಮಳೆ ಹಿಡಿದ ಮೇಲೆ, ಒಂದೇ ದಿನಕ್ಕೆ ನಾಲ್ಕೈದು ಇಂಚು ಸುರಿಯುವ ವಾರಗಳಲ್ಲಿ, ಟ್ರ್ಯಾಕ್ಟರಿನ ಚಕ್ರಗಳು ಕೊರೆದ ಜಾಡು ಆಳವಾಗುತ್ತ ಹೋಗಿ ನಡುವೆ ಮಣ್ಣಿನ ದಿಣ್ಣೆ ಉಳಿಯುತ್ತದೆ. ಎರಡು ಮಳೆಗಾಲಗಳ ಹಿಂದೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಬಿಡುವು ಕೊಟ್ಟ ಎರಡು ದಿನಗಳಲ್ಲಿ ಮೈಲುತುತ್ತ ಮತ್ತು ಸುಣ್ಣದ ಚೀಲಗಳನ್ನು ತುಂಬಿಕೊಂಡು ಬರುತ್ತಿದ್ದಾಗ, ನನ್ನ ಪಿಕಪ್ಪಿನ ಹಿಂದಿನ ಆಕ್ಸಲ್ಲಿನ ಗುಂಡು (ನಡುವೆ ಗೇರುಗಳಿರುವ ಉಬ್ಬು) ಆ ದಿಣ್ಣೆಯ ಮೇಲೆ ಕುಳಿತುಬಿಟ್ಟಿತು. ಫೋರ್ ವೀಲ್ ಹಾಕಿದರೂ ಚಕ್ರಗಳು ನಿಂತಲ್ಲೇ ತಿರುಗಿದವು. ಟ್ರ್ಯಾಕ್ಟರ್ ತಂದು ಎಳೆಯುವಷ್ಟರಲ್ಲಿ ಮಳೆ ಮತ್ತೆ ಶುರುವಾಯಿತು, ಸಿಂಪಡಣೆಯ ಒಂದು ದಿನ ಹಾಳಾಯಿತು. ಕೊಳೆರೋಗದ ಕಾಲದಲ್ಲಿ ಒಂದು ದಿನ ತಪ್ಪಿದರೆ ಏನಾಗುತ್ತದೆಂಬುದು ಅರೇಬಿಕಾ ಕಾಫಿ ಬೆಳೆದವರಿಗೆ ಗೊತ್ತು.

ಆ ಸಂಜೆಯೇ ದೊಡ್ಡ ಟೈರ್ ಹಾಕಿಸಬೇಕೆಂದು ಮನಸ್ಸು ಮಾಡಿದೆ. ಸೋಮವಾರಪೇಟೆ ಕಡೆಯ ನನ್ನ ಭಾವನ ಬಳಿ ಇದೇ ಮಾದರಿಯ ಗಾಡಿಯಿದೆ. ಅವರು ಕಂಪನಿಯ ಟೈರ್ ತೆಗೆಸಿ ಎರಡು ಅಳತೆ ದೊಡ್ಡದನ್ನು ಹಾಕಿಸಿಕೊಂಡಿದ್ದರು. ನೋಡಲು ಗಂಭೀರವಾಗಿತ್ತು, ಎಲ್ಲೂ ನಿಲ್ಲುವುದಿಲ್ಲವೆಂದು ಅವರೂ ಹೇಳುತ್ತಿದ್ದರು. ಆದರೆ ಐದು ಟೈರಿನ ಬೆಲೆ ಕೇಳಿದ ಮೇಲೆ, ಕೊಳ್ಳುವ ಮೊದಲು ನನ್ನ ದಾರಿಗೆ ಇದು ನಿಜವಾಗಿ ಏನು ಕೊಡುತ್ತದೆ ಎಂದು ಅಳೆದು ನೋಡುವುದೇ ಸರಿ ಎನಿಸಿತು. ನಾಲ್ಕಲ್ಲ, ಐದು ಎನ್ನುವುದಕ್ಕೆ ಕಾರಣವಿದೆ. ನಮ್ಮಂಥ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯಾಗಿ ಕೂಡಿಕೊಳ್ಳುತ್ತವೆ. ಸ್ಟೆಪ್ನಿ ಸಣ್ಣದಾಗಿದ್ದರೆ ಆ ಬಿಗಿ ಗೇರ್ ಪೆಟ್ಟಿಗೆಯ ಮೇಲೆ ಬೀಳುತ್ತದೆ. ಮೇಲಾಗಿ ದೊಡ್ಡ ಸ್ಟೆಪ್ನಿ ಗಾಡಿಯ ಕೆಳಗಿನ ಅದರ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಭಾವ ತಮ್ಮದನ್ನು ಹಿಂದಿನ ತೊಟ್ಟಿಯೊಳಗೆ ಇಟ್ಟುಕೊಂಡು ತಿರುಗುತ್ತಿದ್ದರು, ಎರಡು ಚೀಲದ ಜಾಗ ಅದಕ್ಕೇ ಹೋಗುತ್ತಿತ್ತು.

ಮೊದಲು ಕಾಗದದ ಮೇಲಿನ ಲೆಕ್ಕ ಹೇಳುತ್ತೇನೆ, ಏಕೆಂದರೆ ಇದನ್ನು ಯಾರು ಬೇಕಾದರೂ ಮನೆಯಲ್ಲೇ ಕುಳಿತು ಮಾಡಬಹುದು. ನನ್ನ ಗಾಡಿಯ ಟೈರ್ 245/70 ಆರ್ 16. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದಲ್ಲಿ ಶೇಕಡಾ ಎಷ್ಟು ಪಾಲು ಪಕ್ಕದ ಗೋಡೆಯ ಎತ್ತರವೆಂಬುದು. ಮೂರನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. 245ರ ಶೇಕಡಾ 70 ಎಂದರೆ 171.5 ಮಿ.ಮೀ. ಮೇಲೂ ಕೆಳಗೂ ಸೇರಿ 343, ಅದಕ್ಕೆ 16 ಇಂಚಿನ ರಿಮ್ಮಿನ 406.4 ಸೇರಿಸಿದರೆ ಒಟ್ಟು ವ್ಯಾಸ ಸುಮಾರು 749 ಮಿ.ಮೀ. ಇದೇ ರೀತಿ ಲೆಕ್ಕ ಹಾಕಿದರೆ 265/70 ಆರ್ 16 ಸುಮಾರು 777 ಮಿ.ಮೀ., ಭಾವನ ಗಾಡಿಯಲ್ಲಿದ್ದ 265/75 ಆರ್ 16 ಸುಮಾರು 804 ಮಿ.ಮೀ. ಬರುತ್ತದೆ. ವ್ಯಾಸ ಹೆಚ್ಚಿದ್ದರಲ್ಲಿ ಅರ್ಧ ಮಾತ್ರ ಆಕ್ಸಲ್ಲಿನ ಕೆಳಗೆ ಸಿಗುತ್ತದೆ, ಉಳಿದರ್ಧ ಮೇಲೆ ಮಡ್‌ಗಾರ್ಡಿನ ಕಡೆಗೆ ಹೋಗುತ್ತದೆ. ಅಂದರೆ ಮೊದಲನೆಯ ಅಳತೆಯಿಂದ ನನಗೆ ಸಿಗುವುದು 14 ಮಿ.ಮೀ., ಎರಡನೆಯದರಿಂದ 27 ಮಿ.ಮೀ.

ಇನ್ನು ಓಣಿಯ ಅಳತೆ. ಗಾಡಿಯನ್ನು ಕಣದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ ಹಿಂದಿನ ಗುಂಡಿನ ತಳದಿಂದ ನೆಲಕ್ಕೆ ಅಳೆದಾಗ 20.5 ಸೆಂಟಿಮೀಟರ್ ಬಂತು. ಚೀಲ ತುಂಬಿಸಿ ಮತ್ತೆ ಅಳೆದೆ. ಸ್ಪ್ರಿಂಗ್ ಪಟ್ಟಿಗಳು ಬಗ್ಗಿ ಗಾಡಿಯ ಮೈ ಬಹಳ ಇಳಿದಿದ್ದರೂ ಗುಂಡಿನ ಎತ್ತರ ಟೈರ್ ಚಪ್ಪಟೆಯಾದಷ್ಟು ಮಾತ್ರ, ಅಂದರೆ ಅರ್ಧ ಸೆಂಟಿಮೀಟರಿನಷ್ಟು, ಕಡಿಮೆಯಾಗಿತ್ತು. ಇದು ನನಗೆ ಹೊಸ ತಿಳಿವಳಿಕೆ. ಗುಂಡು ಚಕ್ರಗಳ ಜೊತೆಗೇ ಇರುವ ಭಾಗವಾದ್ದರಿಂದ ಪಟ್ಟಿ ಸೇರಿಸಿ ಮೈಯನ್ನು ಎಷ್ಟೇ ಎತ್ತಿದರೂ ಅದು ಏಳುವುದಿಲ್ಲ. ಅದನ್ನು ಎತ್ತಬಲ್ಲದ್ದು ಟೈರ್ ಒಂದೇ. ಮರುದಿನ ತೋಟದ ಲೆಕ್ಕ ನೋಡುವ ರೈಟರನ್ನು ಕರೆದುಕೊಂಡು ಓಣಿಯಲ್ಲಿ ನಡೆದು, ದಿಣ್ಣೆ ಎದ್ದ ಕಡೆಗಳಲ್ಲೆಲ್ಲ ನೇರವಾದ ಬಿದಿರನ್ನು ಅದರ ನೆತ್ತಿಗೆ ತಾಗಿಸಿ ಎರಡು ಜಾಡುಗಳ ಮೇಲೆ ಅಡ್ಡ ಹಿಡಿದು, ಜಾಡಿನ ತಳದಿಂದ ದಿಣ್ಣೆಯ ನೆತ್ತಿಯವರೆಗೆ ಅಳೆದೆವು. ಹನ್ನೊಂದು ಕಡೆ ದಿಣ್ಣೆ 18 ಸೆಂಟಿಮೀಟರಿಗಿಂತ ಹೆಚ್ಚಿತ್ತು. ನಾನು ಸಿಕ್ಕಿಕೊಂಡ ಜಾಗದಲ್ಲಿ 24 ಇತ್ತು. ಭಾವನ ಟೈರ್ ಹಾಕಿದರೂ ನನಗೆ ಸಿಗುವುದು 23ಕ್ಕೆ ಸ್ವಲ್ಪ ಮೇಲೆ. ಅಷ್ಟು ಹಣ ಸುರಿದ ಮೇಲೂ ಅದೇ ಜಾಗದಲ್ಲಿ ಅದೇ ಗುಂಡು ಕೂರುತ್ತಿತ್ತು ಎಂಬುದು ಅಳತೆಪಟ್ಟಿ ಹಿಡಿದ ಮೇಲೆಯೇ ಗೊತ್ತಾದದ್ದು.

ಆದರೂ ಲೆಕ್ಕವೊಂದನ್ನೇ ನಂಬಿ ಬಿಡಲು ಮನಸ್ಸಾಗಲಿಲ್ಲ. ಭಾವ ಉದಾರವಾಗಿ ಗಾಡಿಯನ್ನು ಎರಡು ದಿನಕ್ಕೆ ನಮ್ಮಲ್ಲಿ ಬಿಟ್ಟುಹೋದರು. ಇಬ್ಬರದೂ ಆರು ಬೋಲ್ಟಿನ ಒಂದೇ ರಿಮ್ ಆದ್ದರಿಂದ ತೋಟದೊಳಗೆ ಚಕ್ರಗಳನ್ನು ಅದಲುಬದಲು ಮಾಡಿ ನೋಡಿದೆ. ಬಿಚ್ಚಿದ ಚಕ್ರಗಳನ್ನು ಕಾಫಿ ತೂಗುವ ಮಾಪಕದ ಮೇಲೆ ಇಟ್ಟಾಗ ನನ್ನದು 26 ಕಿಲೋ, ಅವರದು 34 ಕಿಲೋ ತೂಗಿತು. ಒಂದು ಚಕ್ರಕ್ಕೆ ಎಂಟು ಕಿಲೋ ಹೆಚ್ಚು, ಅದೂ ಸದಾ ತಿರುಗುತ್ತಿರುವ, ಪಟ್ಟಿಯ ಕೆಳಗಿರುವ ತೂಕ. ಆಮೇಲೆ ಟೈರಿಗೆ ಸೀಮೆಸುಣ್ಣದ ಗೆರೆ ಎಳೆದು ಕಣದಲ್ಲಿ ಒಂದು ಪೂರ್ತಿ ಸುತ್ತು ಉರುಳಿಸಿ ನೆಲದ ಮೇಲೆ ಅಳೆದೆ. ನನ್ನದು 2.28 ಮೀಟರ್, ಅವರದು 2.45 ಮೀಟರ್ ಸಾಗಿತು. ಶೇಕಡಾ ಏಳಕ್ಕಿಂತ ಸ್ವಲ್ಪ ಹೆಚ್ಚಿನ ಈ ವ್ಯತ್ಯಾಸವೇ ಮುಂದಿನದ್ದಕ್ಕೆಲ್ಲ ಮೂಲ. ವೇಗದ ಮುಳ್ಳು 60 ತೋರಿಸುವಾಗ ಗಾಡಿ ನಿಜವಾಗಿ 64ರಲ್ಲಿ ಓಡುತ್ತದೆ. ಓಡಿದ ಕಿಲೋಮೀಟರ್ ಕಡಿಮೆ ದಾಖಲಾಗುವುದರಿಂದ ಆಯಿಲ್ ಬದಲಿಸುವ ಲೆಕ್ಕವೂ ಮೈಲೇಜಿನ ಲೆಕ್ಕವೂ ತಪ್ಪುತ್ತವೆ. ಇವು ಸಣ್ಣ ವಿಷಯಗಳು, ತಿಳಿದುಕೊಂಡರೆ ನಡೆಸಿಕೊಂಡು ಹೋಗಬಹುದು. ಎಳೆಯುವ ಶಕ್ತಿಯ ವಿಷಯ ಹಾಗಲ್ಲ. ಆಕ್ಸಲ್ಲಿನ ನಡುವಿನಿಂದ ನೆಲಕ್ಕಿರುವ ದೂರ ಹೆಚ್ಚಿದಷ್ಟೂ ಎಂಜಿನ್ ತಿರುಗಿಸುವ ಬಲ ನೆಲವನ್ನು ತಳ್ಳುವ ಬಲವಾಗಿ ಕಡಿಮೆಯಾಗುತ್ತದೆ.

ಐವತ್ತು ಕಿಲೋದ ಇಪ್ಪತ್ತು ಗೊಬ್ಬರದ ಚೀಲ, ಅಂದರೆ ಒಂದು ಟನ್, ಹೇರಿಕೊಂಡು ಕಣದಿಂದ ಮೇಲಿನ ಗೇಟಿಗೆ ಏರಿದೆ. ನನ್ನ ಟೈರಿನಲ್ಲಿ ಆ ಏರನ್ನು ಎರಡನೇ ಗೇರಿನಲ್ಲೇ ಮುಗಿಸುತ್ತಿದ್ದೆ. ದೊಡ್ಡ ಟೈರಿನಲ್ಲಿ ಮಧ್ಯದ ತಿರುವಿನಲ್ಲಿ ಎಂಜಿನ್ ಉಸಿರುಕಟ್ಟಿ ಮೊದಲನೆಯದಕ್ಕೆ ಇಳಿಸಬೇಕಾಯಿತು. ಫೋರ್ ವೀಲಿನ ಲೋ ಗೇರ್ ಹಾಕಿದರೆ ಈ ಕೊರತೆ ಗೊತ್ತಾಗುವುದಿಲ್ಲ ಎಂಬುದು ನಿಜ. ಆದರೆ ಕುಶಾಲನಗರದಿಂದ ಗೊಬ್ಬರ ಹೇರಿಕೊಂಡು ಮಡಿಕೇರಿಗೆ ಏರುವ ಡಾಂಬರು ರಸ್ತೆಯಲ್ಲಿ ಲೋ ಗೇರ್ ಹಾಕಿಕೊಂಡು ಬರಲಾಗುವುದಿಲ್ಲ. ಕೆಳಗಿನ ತಿರುವಿನಲ್ಲಿ ಒಂದು ಚಕ್ರ ಬರೆಯ ಅಂಚಿಗೆ ಹತ್ತಿ, ಸ್ಟಿಯರಿಂಗ್ ಪೂರ್ತಿ ತಿರುಗಿದ್ದಾಗ ಟೈರಿನ ಹೆಗಲು ಮಡ್‌ಗಾರ್ಡಿನ ಒಳಪದರಕ್ಕೆ ಉಜ್ಜಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಖಾಲಿ ಗಾಡಿಯಲ್ಲಿ, ಅಂಗಡಿಯ ಮುಂದಿನ ಸಮತಟ್ಟು ನೆಲದಲ್ಲಿ ಸ್ಟಿಯರಿಂಗ್ ತಿರುಗಿಸಿ ನೋಡಿದರೆ ಈ ಸದ್ದು ಬರುವುದೇ ಇಲ್ಲ. ಯಾರಾದರೂ ಪರೀಕ್ಷೆ ಮಾಡುವುದಾದರೆ ಹೇರು ಹೇರಿಕೊಂಡೇ, ಒಂದು ಚಕ್ರವನ್ನು ಎತ್ತರಕ್ಕೆ ಹತ್ತಿಸಿಯೇ ಮಾಡಬೇಕು.

ನನ್ನನ್ನು ಹಿಂದಕ್ಕೆ ಸರಿಸಿದ್ದು ಇವೆಲ್ಲಕ್ಕಿಂತ ಹೆಚ್ಚಾಗಿ ಇಳಿಜಾರು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯಲ್ಲಿ ಅಷ್ಟೇ ಹೇರಿನೊಂದಿಗೆ ಒಮ್ಮೆ ನನ್ನ ಗಾಡಿಯನ್ನೂ ಇನ್ನೊಮ್ಮೆ ಭಾವನ ಗಾಡಿಯನ್ನೂ ನಾನೇ ಓಡಿಸಿದೆ. ಏರುವಾಗ ಕಡಿಮೆಯಾಗುವ ಬಲ ಇಳಿಯುವಾಗ ಎಂಜಿನ್ ಹಿಡಿತದಲ್ಲೂ ಕಡಿಮೆಯಾಗುತ್ತದೆ. ಬ್ರೇಕ್ ಡಿಸ್ಕಿನ ಗಾತ್ರ ಅಷ್ಟೇ ಇದ್ದು ಚಕ್ರ ದೊಡ್ಡದಾದಾಗ ಪೆಡಲನ್ನು ಅಷ್ಟೇ ಒತ್ತಿದರೆ ಗಾಡಿ ಮೊದಲಿನಷ್ಟು ಬೇಗ ನಿಲ್ಲುವುದಿಲ್ಲ. ನನ್ನ ಗಾಡಿ ಮೂರನೇ ಗೇರಿನಲ್ಲಿ ತಾನೇ ತಡೆದುಕೊಂಡು ಇಳಿದ ತಿರುವುಗಳಲ್ಲಿ ಭಾವನ ಗಾಡಿಗೆ ಮತ್ತೆ ಮತ್ತೆ ಬ್ರೇಕ್ ಕೊಡಬೇಕಾಯಿತು, ಸಂಪಾಜೆ ತಲುಪುವಾಗ ಬ್ರೇಕಿನ ಸುಟ್ಟ ವಾಸನೆ ಮೂಗಿಗೆ ಬಡಿಯಿತು. 2018ರ ಆಗಸ್ಟಿನಲ್ಲಿ ಜೋಡುಪಾಲದ ಆಸುಪಾಸಿನ ಗುಡ್ಡ ಕುಸಿದ ದಿನಗಳನ್ನು ಕಂಡ ನಮಗೆ ಆ ರಸ್ತೆಯಲ್ಲಿ ಮಳೆಗಾಲದಲ್ಲಿ ಯಾವ ತಿರುವಿನಾಚೆ ಏನಿದೆಯೆಂದು ಹೇಳಲಾಗದು ಎಂಬ ಅರಿವು ಇದ್ದೇ ಇದೆ. ನಿಲ್ಲಿಸುವ ಶಕ್ತಿಯಲ್ಲಿ ಶೇಕಡಾ ಏಳನ್ನು ಕೊಟ್ಟು ದಿಣ್ಣೆಯ ಮೇಲೆ 27 ಮಿಲಿಮೀಟರ್ ಕೊಳ್ಳುವ ವ್ಯವಹಾರ ನನಗೆ ಒಪ್ಪಿಗೆಯಾಗಲಿಲ್ಲ.

ಹಾಗಿದ್ದರೆ ಒಂದೇ ಅಳತೆ ದೊಡ್ಡದಾದ 265/70 ಸಾಕಲ್ಲವೇ ಎಂಬ ಪ್ರಶ್ನೆ ಉಳಿಯಿತು. ಅದರಲ್ಲಿ ವ್ಯತ್ಯಾಸ ಶೇಕಡಾ ನಾಲ್ಕರೊಳಗೇ ಇದೆ, ನನ್ನ 7 ಇಂಚಿನ ರಿಮ್ಮಿಗೂ ಕೂರುತ್ತದೆ, ಹೊರುವ ಶಕ್ತಿಯ ಅಂಕಿಯೂ ಕಡಿಮೆಯಾಗುವುದಿಲ್ಲ: ನನ್ನ ಟೈರಿನ ಮೇಲೆ 111 ಎಂದಿದೆ, ಅಂದರೆ ಒಂದು ಟೈರ್ 1,090 ಕಿಲೋ ಹೊರಬಲ್ಲದು, ಅಂಗಡಿಯವರು ತೋರಿಸಿದ ದೊಡ್ಡದರ ಮೇಲೆ 112, ಅಂದರೆ 1,120 ಕಿಲೋ. ಹೇರು ಹೊರುವ ಗಾಡಿಯವರು ಈ ಅಂಕಿ ಕಂಪನಿ ಕೊಟ್ಟದ್ದಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಲೇಬೇಕು. ನನಗೆ ಅಡ್ಡ ಬಂದದ್ದು ಕಾಗದಪತ್ರ. ನನ್ನದು ಸರಕು ಸಾಗಣೆ ವಾಹನವೆಂದು ನೋಂದಣಿಯಾದ ಗಾಡಿ. ಅಂಥವುಗಳ ನೋಂದಣಿ ವಿವರದಲ್ಲಿ ಟೈರಿನ ಅಳತೆಯೂ ಸೇರಿರುತ್ತದೆ. ತಯಾರಕರು ಮೂಲತಃ ಕೊಟ್ಟ ವಿವರಕ್ಕೆ ನೋಂದಣಿ ಪತ್ರದಲ್ಲಿರುವುದು ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಎಫ್‌ಸಿಗೆ (ವಾಹನದ ಅರ್ಹತಾ ಪತ್ರಕ್ಕೆ) ಹೋದಾಗ ಪ್ರಶ್ನೆ ಬರಬಹುದು, ಅಪಘಾತವಾದರೆ ವಿಮೆಯವರು ಇದನ್ನೇ ಎತ್ತಿ ಹಿಡಿಯಬಹುದು. ಹದಿನಾಲ್ಕು ಮಿಲಿಮೀಟರಿಗಾಗಿ ಆ ತಲೆನೋವು ಬೇಡವೆನಿಸಿತು.

ಇಷ್ಟೆಲ್ಲ ಅಳೆದ ಮೇಲೆ, ಸಿಕ್ಕಿಕೊಂಡ ದಿನದ ಟೈರ್ ಹೇಗಿತ್ತು ಎಂಬುದನ್ನು ಮೊದಲೇ ನೋಡಬೇಕಿತ್ತು ಎಂದು ತಿಳಿಯಿತು. 52,000 ಕಿಲೋಮೀಟರ್ ಓಡಿದ, ಹೆದ್ದಾರಿಗೆಂದೇ ಮಾಡಿದ ಸಣ್ಣ ಗೀರುಗಳ ಟೈರ್ ಅದು. ಟ್ರೆಡ್ಡಿನ ಆಳ 3 ಮಿ.ಮೀ. ಉಳಿದಿತ್ತು. ಕಾನೂನಿನ ಕನಿಷ್ಠ ಮಿತಿಯಾದ 1.6 ಮಿ.ಮೀ.ಗಿಂತ ಅದು ಹೆಚ್ಚೇ, ಆದರೆ ನಮ್ಮ ಕೆಂಪು ಮಣ್ಣಿನ ಕೆಸರು ಅಷ್ಟು ಆಳದ ಗೀರನ್ನು ಅರ್ಧ ಸುತ್ತಿನಲ್ಲೇ ತುಂಬಿ ನುಣ್ಣಗೆ ಮಾಡಿಬಿಡುತ್ತದೆ. ಗಾಳಿಯೂ ಡಾಂಬರಿಗೆ ಹಾಕಿದ 35 ಪಿಎಸ್‌ಐ ಹಾಗೆಯೇ ಇತ್ತು. ಅಗಲವಾದ ಟೈರ್ ಕೆಸರಿಗೆ ಒಳ್ಳೆಯದೆಂಬ ಮಾತಿದೆಯಲ್ಲ, ಅದು ತಳವೇ ಇಲ್ಲದ ಮೆತ್ತನೆಯ ಮಣ್ಣಿಗೂ ಮರಳಿಗೂ ಸರಿ. ನಮ್ಮ ಓಣಿಯಲ್ಲಿ ನಾಲ್ಕು ಬೆರಳು ಕೆಸರಿನ ಕೆಳಗೆ ಗಟ್ಟಿ ಚರಳು ಇದೆ; ಕೆಸರನ್ನು ಕತ್ತರಿಸಿಕೊಂಡು ಆ ಚರಳನ್ನು ಮುಟ್ಟುವ ಕಿರಿದಾದ ಟೈರಿಗೇ ಅಲ್ಲಿ ಹಿಡಿತ ಹೆಚ್ಚು. ಹಳೆಯ ಜೀಪುಗಳು ಅಷ್ಟು ಸಪೂರ ಚಕ್ರದಲ್ಲಿ ಈ ಜಿಲ್ಲೆಯ ತೋಟಗಳನ್ನೆಲ್ಲ ಸುತ್ತಿದ್ದು ನೆನಪಾಯಿತು.

ಕೊನೆಗೆ ಕಂಪನಿಯ ಅಳತೆಯಲ್ಲೇ, ಮಣ್ಣಿಗೂ ಡಾಂಬರಿಗೂ ಆಗುವ ಆಲ್ ಟೆರೇನ್ ಟೈರ್ ಐದನ್ನು ಹಾಕಿಸಿ ಅಲೈನ್‌ಮೆಂಟ್ ಮಾಡಿಸಿದೆ. ಇನ್ನೂ ದಪ್ಪ ಹಲ್ಲಿನ ಮಡ್ ಟೈರ್ ಬೇಡವೆಂದದ್ದಕ್ಕೆ ಕಾರಣ, ನಾನು ಓಡಿಸುವ ನೂರು ಕಿಲೋಮೀಟರಿನಲ್ಲಿ ತೋಟದ ದಾರಿ ಎಂಟೂ ಆಗುವುದಿಲ್ಲ, ಮತ್ತು ಮಳೆಗಾಲದಲ್ಲಿ ಪಾಚಿ ಹಿಡಿದ ಕಾಂಕ್ರೀಟ್ ರಸ್ತೆಯ ಮೇಲೆ ಅಂಥ ಟೈರಿಗೆ ನೆಲ ತಾಗುವ ರಬ್ಬರ್ ಕಡಿಮೆಯಾಗಿ ಜಾರುತ್ತದೆ. ಖಾಲಿ ಗಾಡಿಯಲ್ಲಿ ಕೆಸರಿಗೆ ಇಳಿಯುವ ಮೊದಲು ಗಾಳಿಯನ್ನು 24ಕ್ಕೆ ಇಳಿಸುತ್ತೇನೆ, ಡಾಂಬರು ಹತ್ತುವ ಮೊದಲು ಕಣದಲ್ಲಿರುವ ಸಣ್ಣ ಕಂಪ್ರೆಸರಿನಿಂದ ಮತ್ತೆ ತುಂಬುತ್ತೇನೆ. ಹೇರು ಇರುವಾಗ ಗಾಳಿ ಇಳಿಸುವುದಿಲ್ಲ. ಟೈರಿನ ಗೋಡೆ ಬಿಸಿಯಾಗಿ ಒಡೆಯುವ ಅಪಾಯವಿದೆ.

ದಿಣ್ಣೆಯ ವಿಷಯ ನಮ್ಮ ಟ್ರ್ಯಾಕ್ಟರ್ ಓಡಿಸುವವರು ಹೇಳಿದಂತೆ ಆಯಿತು. ಬಿದಿರು ಹಿಡಿದು ಅಳೆಯುತ್ತಿದ್ದಾಗ ಅವರು, "ಸಾವುಕಾರ್ರೇ, ಈ ಹನ್ನೊಂದು ಜಾಗ ಕಡಿಯಲು ನಾಲ್ಕಾಳು, ಎರಡು ದಿನ ಸಾಕು. ನೀರು ಹೊರಗೆ ಹೋಗದಿದ್ದರೆ ಮಾತ್ರ ಬರುವ ವರ್ಷ ಮತ್ತೆ ಹೀಗೇ ಆಗ್ತದೆ" ಎಂದಿದ್ದರು. ಗುದ್ದಲಿಯಿಂದ ದಿಣ್ಣೆ ಕಡಿದು, ಜಾಡಿಗೆ ಕಾಡುಕಲ್ಲು ಜೋಡಿಸಿ ಮೇಲೆ ಚರಳು ಹಾಕಿ, ಓಣಿಗೆ ಬರುವ ಮೊದಲೇ ನೀರು ತೋಟದ ಚರಂಡಿಗೆ ತಿರುಗುವಂತೆ ಐದು ಕಡೆ ಓರೆಯಾಗಿ ಕಾಲುವೆ ತೆಗೆಸಿದೆವು. ಕೂಲಿ ಮತ್ತು ಕಲ್ಲಿನ ಖರ್ಚು ಒಂದು ಟೈರಿನ ಬೆಲೆಗಿಂತ ಸ್ವಲ್ಪ ಹೆಚ್ಚಾಯಿತು.

ತನ್ನ ದಾರಿಯನ್ನು ತಾನು ಸರಿಪಡಿಸಲಾಗದವನ ಸ್ಥಿತಿ ಬೇರೆ. ಭಾವನ ತೋಟಕ್ಕೆ ಹೋಗುವ ದಾರಿಯ ಅರ್ಧ ಬೇರೆಯವರ ಜಾಗದಲ್ಲಿದೆ, ಅಲ್ಲಿ ಬಂಡೆಗಳಿವೆ, ಅವರು ಹೇರು ಹೊರುವುದೂ ಕಡಿಮೆ. ಅವರಿಗೆ ದೊಡ್ಡ ಟೈರ್ ಉಪಯೋಗಕ್ಕೆ ಬಂದಿದೆಯೆಂದು ನಾನು ಒಪ್ಪುತ್ತೇನೆ, ಆದರೆ ಸಂಪಾಜೆಯ ಅನುಭವದ ನಂತರ ಬ್ರೇಕ್ ಪ್ಯಾಡುಗಳನ್ನು ಬೇಗ ಬೇಗ ನೋಡಿಸಿ ಎಂದು ಅವರಿಗೆ ಹೇಳಿದ್ದೇನೆ.

ಹೊಸ ಟೈರಿನಲ್ಲಿ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಹೊಸದರಲ್ಲಿ 11 ಮಿ.ಮೀ. ಇದ್ದ ಟ್ರೆಡ್ 14,000 ಕಿಲೋಮೀಟರಿಗೆ 9ಕ್ಕೆ ಬಂದಿದೆ. ಟೈರಿನ ಸದ್ದು ಮೊದಲಿಗಿಂತ ಜಾಸ್ತಿ. ಓಣಿಯಲ್ಲಿ ಒಮ್ಮೆಯೂ ನಿಂತಿಲ್ಲ. ಗದ್ದೆಯ ಪಕ್ಕದ ಕೆಳಗಿನ ಗೇಟಿನ ಹತ್ತಿರ ಮಾತ್ರ ಒರತೆ ನೀರು ಏಳುವ ಇಪ್ಪತ್ತು ಮೀಟರ್ ಜಾಗವಿದೆ, ಅಲ್ಲಿ ಕಲ್ಲು ಹಾಕಿದರೂ ಹೂತುಹೋಗುತ್ತದೆ. ಜುಲೈ ಮತ್ತು ಆಗಸ್ಟಿನಲ್ಲಿ ಆ ಕಡೆಯ ಕೆಲಸಕ್ಕೆ ಪಿಕಪ್ಪನ್ನು ಮೇಲೆಯೇ ನಿಲ್ಲಿಸಿ ಟ್ರ್ಯಾಕ್ಟರಿನಲ್ಲಿ ಹೋಗುತ್ತೇವೆ.