ನಿಟುವಳ್ಳಿಯ ನಮ್ಮ ಬೀದಿಗೆ ಬೆಂಚು ಬಂದಿದ್ದು ಹೀಗೆ

ದಾವಣಗೆರೆಯ ನಿಟುವಳ್ಳಿಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಹೊಲಿಯೋಕೆ ಕೊಡಲು ಬಂದವರು ಬೀದಿಯ ಕಷ್ಟಸುಖನೂ ಹೇಳಿ ಹೋಗುತ್ತಾರೆ. ಹಾಗಾಗಿ ಪಾಲಿಕೆಯ ಬಜೆಟ್ ಪೂರ್ವಭಾವಿ ಸಭೆಗೆ ನಮ್ಮ ಬೀದಿಯಿಂದಲೂ ಸಲಹೆ ಕೊಡೋಣ ಅಂತ ನಾಲ್ಕೈದು ಹೆಂಗಸರು ಹೊರಟಾಗ, ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ವಾರ ಮನೆಮನೆಗೆ ಹೋಗಿ "ನಿಮಗೆ ಏನು ಬೇಕು?" ಅಂತ ಕೇಳಿದೆವು. ಎಲ್ಲರದ್ದೂ ಒಂದೇ ಉತ್ತರ. ರಸ್ತೆ, ಚರಂಡಿ, ನೀರು. ಬೇಕು, ಇಲ್ಲ ಅನ್ನಲ್ಲ. ಆದರೆ ಎಲ್ಲ ವಾರ್ಡಿನವರೂ ಅದನ್ನೇ ಕೇಳುತ್ತಾರೆ ಅಲ್ವಾ? ಯಾವ ರಸ್ತೆ, ಎಲ್ಲಿಂದ ಎಲ್ಲಿಗೆ ಅಂತ ಇಲ್ಲದ ಕಾಗದ ಹಿಡಿದು ಯಾರೂ ಏನೂ ಮಾಡೋಕಾಗಲ್ಲ.

ಎರಡನೇ ವಾರ ಪ್ರಶ್ನೆ ಬದಲಿಸಿದೆವು. "ದಿನಾ ಓಡಾಡೋ ದಾರೀಲಿ ನಿಮಗೆ ಎಲ್ಲಿ ಕಷ್ಟ ಆಗುತ್ತೆ?" ಆಗ ಬೇರೆಯದೇ ಮಾತು ಬಂತು. ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅಜ್ಜ ಒಬ್ಬರು, "ರೇಷನ್ ತಗೊಂಡು ಬರುವಾಗ ಹೊಂಗೆಮರದ ಹತ್ರ ಕಾಲು ಸೋತೋಗ್ತಾವಮ್ಮ, ಕುಂದ್ರಾಕೆ ಎಲ್ಲೂ ಜಾಗ ಇಲ್ಲ" ಅಂದರು. ಟ್ಯೂಷನ್ ಮುಗಿಸಿ ಬರುವ ಹುಡುಗಿಯರು ತಿರುವಿನ ಕತ್ತಲೆ ಬಗ್ಗೆ ಹೇಳಿದರು. ಅಮ್ಮಂದಿರು ಶಾಲೆ ಗೇಟಿನ ಎದುರು ಗಾಡಿಗಳು ನುಗ್ಗೋದನ್ನ ಹೇಳಿದರು.

ಮೂರೇ ಸಲಹೆ ಉಳಿಸಿಕೊಂಡೆವು. ಪುಣೆಯಲ್ಲಿ ಜನರಿಂದ ಇಂಥ ಕೆಲಸಗಳ ಪಟ್ಟಿ ಕೇಳಿ ಪಾಲಿಕೆ ಬಜೆಟ್‌ಗೆ ಸೇರಿಸುವ ಪದ್ಧತಿ 2006ರಲ್ಲೇ ಶುರುವಾಗಿದೆ. ಅಲ್ಲಿರುವ ನಮ್ಮ ನಾದಿನಿ ಆ ಬಗ್ಗೆ ಹೇಳಿದ್ದಳು. ನಾವೂ ಒಂದೊಂದು ಸಲಹೆಗೆ ಒಂದೊಂದು ಹಾಳೆ ಮಾಡಿದೆವು. ಜಾಗ ಎಲ್ಲಿ, ಯಾರಿಗೆ ಉಪಯೋಗ, ಆಮೇಲೆ ನೋಡಿಕೊಳ್ಳುವವರು ಯಾರು. ಒಂದು ಫೋಟೋ, ಕೆಳಗೆ ಸಹಿಗಳು. ದೀಪದ ಹಾಳೆಯಲ್ಲಿ ಕಂಬದ ಮೇಲೆ ಬರೆದಿದ್ದ ನಂಬರನ್ನೇ ಹಾಕಿದೆವು. ಅದು ಎಲ್ಲಕ್ಕಿಂತ ಬೇಗ ಆಯ್ತು, ಬಂದವರು ಯಾರನ್ನೂ ಕೇಳದೆ ನೇರ ಆ ಕಂಬಕ್ಕೇ ಏಣಿ ಹಾಕಿದರು.

ಕೊಡುವ ಸಮಯವೂ ಮುಖ್ಯ. ಹೊಸ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು, ಡಿಸೆಂಬರ್, ಜನವರಿಯೊಳಗೆ ಕೊಡಿ. ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. 3 ಲಕ್ಷ ಅಥವಾ ಜಾಸ್ತಿ ಜನ ಇರುವ ಊರಿಗೆ ವಾರ್ಡಿನ ಬೇಕುಬೇಡ ನೋಡಿಕೊಳ್ಳುವ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿಯಲ್ಲೇ ಇದೆ. 2011ರ ಜನಗಣತಿಯಲ್ಲೇ ದಾವಣಗೆರೆ 4 ಲಕ್ಷ ದಾಟಿತ್ತು. ಹಾಗಾಗಿ ಹೆದರಿಕೊಂಡು ಮೂಲೆಯಲ್ಲಿ ನಿಲ್ಲಬೇಕಾಗಿಲ್ಲ.

ಬೆಂಚಿನಲ್ಲಿ ಮಾತ್ರ ನಾವು ತಪ್ಪು ಮಾಡಿದೆವು. "ಎರಡು ಕಲ್ಲುಬೆಂಚು" ಅಂತ ಅಷ್ಟೇ ಬರೆದಿದ್ದೆವು. ಬೆಂಚು ಬಂದವು. ತಗ್ಗಾಗಿದ್ದವು, ಒರಗೋಕೆ ಏನೂ ಇಲ್ಲ, ಮರ ಬಿಟ್ಟು ಬಿಸಿಲಲ್ಲಿ. ಮಾರ್ಚ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಆ ಕಲ್ಲಿನ ಮೇಲೆ ಕೈ ಇಡೋಕಾಗುತ್ತಿರಲಿಲ್ಲ. ಅಜ್ಜ ಒಂದು ಸಂಜೆ ಕೂತರು, ಏಳೋಕೆ ಇಬ್ಬರು ಹಿಡಿಯಬೇಕಾಯ್ತು. ಅವತ್ತು ನನಗೆ ರಾತ್ರಿ ನಿದ್ದೆ ಬರಲಿಲ್ಲ. ದಿನಾ ಬೇರೆಯವರ ಮೈ ಅಳತೆ ತೆಗೆಯೋಳು ನಾನು, ಇದಕ್ಕೆ ಅಳತೆ ಬರೆಯಬೇಕು ಅಂತ ಹೊಳೆಯಲೇ ಇಲ್ಲ.

ಮಾರನೇ ದಿನ ಟೇಪು ಹಿಡಿದು ಹೋದೆ. ಅಜ್ಜನ ಪಾದದಿಂದ ಮಂಡಿ ಹಿಂದಿನ ಮಡಿಕೆವರೆಗೆ 17 ಇಂಚು. ಬೆಂಚು 13 ಇಂಚು. ಬೀದಿಯ ಇನ್ನೂ ಆರು ಜನ ವಯಸ್ಸಾದವರನ್ನು ಅಳೆದೆ, ಹೆಚ್ಚುಕಮ್ಮಿ ಅಷ್ಟೇ ಬಂತು. ಅದನ್ನೆಲ್ಲ ಬರೆದು, ಇಂಜಿನಿಯರ್‌ರನ್ನು ಕರೆಸಿ ಅಜ್ಜನನ್ನು ಅವರೆದುರೇ ಕೂರಿಸಿದೆವು. ಹೆಚ್ಚು ಮಾತೇ ಬೇಕಾಗಲಿಲ್ಲ. ಒಂದು ಬೆಂಚು ಹೊಂಗೆಮರದ ಕೆಳಗೆ ಹೋಯ್ತು. ಅಡಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು, ಕೈ ಊರಿ ಏಳೋಕೆ ಪಕ್ಕದಲ್ಲಿ ಕಬ್ಬಿಣದ ಹಿಡಿಕೆ ಹಾಕಿದರು.

ಇನ್ನೊಂದು ಬೆಂಚು ಅಲ್ಲೇ ಬಿಸಿಲಲ್ಲಿದೆ. ಅದರ ಪಕ್ಕ ಬೇವಿನ ಸಸಿ ನೆಟ್ಟಿದ್ದೇವೆ. ನಲ್ಲಿ ನೀರು ದಿನಾ ಬರಲ್ಲ, ಅದಕ್ಕೆ ಸರದಿ ಮೇಲೆ ಒಬ್ಬೊಬ್ಬರ ಮನೆಯಿಂದ ಅಕ್ಕಿ ತೊಳೆದ ನೀರು ಹೋಗುತ್ತದೆ. ಈಗ ನನ್ನ ಸೊಂಟದ ಎತ್ತರ ಬಂದಿದೆ.

ಶಾಲೆ ಗೇಟಿನ ಕೆಲಸ ಇನ್ನೂ ಆಗಿಲ್ಲ. ಈ ಸಲ ಗೇಟಿನಿಂದ ಎದುರು ಅಂಗಡಿವರೆಗೆ ರಸ್ತೆಯ ಅಗಲ ಅಳೆದು, ಬೆಳಿಗ್ಗೆ ಒಂಬತ್ತರಿಂದ ಒಂಬತ್ತೂವರೆವರೆಗೆ ದಾಟುವ ಮಕ್ಕಳನ್ನು ಎಣಿಸುತ್ತಿದ್ದೇವೆ.