ಸದಾ ಸುಸ್ತೇ? ಮೊದಲು ಅದು ಯಾವ ಸುಸ್ತು ಎಂದು ತಿಳಿಯಿರಿ

‘ಸುಸ್ತು’ ಎಂಬ ಒಂದು ಮಾತಿನೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳಿರುತ್ತವೆ. ಕೂತಲ್ಲೇ ಕಣ್ಣು ಎಳೆಯುತ್ತಿದ್ದರೆ ಅದು ಹೆಚ್ಚಾಗಿ ನಿದ್ದೆಯ ಬಾಕಿ. ಒಂದು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಂದು ಕಾಲು ಸೋತರೆ ರಕ್ತ, ಹೃದಯ, ಶ್ವಾಸಕೋಶಗಳ ಕಡೆ ನೋಡಬೇಕು. ಮೈಯಲ್ಲಿ ತ್ರಾಣವಿದ್ದೂ ಇಷ್ಟದ ಕೆಲಸಕ್ಕೂ ಕೈ ಹಾಕಲು ಮನಸ್ಸು ಬಾರದಿದ್ದರೆ ಖಿನ್ನತೆಯ ಸಾಧ್ಯತೆಯಿದೆ. ಸಣ್ಣ ಓಡಾಟದ ಮಾರನೆಯ ದಿನ ಹಾಸಿಗೆಯಿಂದ ಏಳಲಾಗದಂತೆ ಕುಸಿಯುವುದು ಇನ್ನೊಂದೇ ಬಗೆ. ಅದರ ಆರೈಕೆ ಉಳಿದ ಮೂರಕ್ಕೆ ತೀರಾ ಉಲ್ಟಾ. ನಾಲ್ಕಕ್ಕೂ ಒಂದೇ ಟಾನಿಕ್ ಕುಡಿದರೆ ಬಾಟಲಿ ಖಾಲಿಯಾಗುತ್ತದೆ, ಸುಸ್ತು ಇದ್ದಲ್ಲೇ ಇರುತ್ತದೆ.

ಕೆಲವು ಲಕ್ಷಣಗಳಿದ್ದರೆ ಈ ಬರಹ ಓದಿ ಮುಗಿಸುವುದಕ್ಕೂ ಕಾಯಬೇಡಿ. ಎದೆನೋವು, ಕೂತಾಗಲೂ ಉಸಿರು ಕಟ್ಟುವುದು, ಡಾಂಬರಿನಂತೆ ಕಪ್ಪಾಗಿ ಅಂಟುವ ಮಲ, ಬದುಕೇ ಬೇಡ ಎನಿಸುವುದು: ಇವಕ್ಕೆ ಅದೇ ದಿನ ವೈದ್ಯರು ಬೇಕು. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ, ಜ್ವರ ಬಿಡದಿದ್ದರೆ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರಿದರೆ, ವಿಪರೀತ ಬಾಯಾರಿಕೆಯ ಜೊತೆ ಪದೇ ಪದೇ ಮೂತ್ರಕ್ಕೆ ಹೋಗುವಂತಾದರೆ ಆ ವಾರವೇ ತೋರಿಸಿ.

ಹದಿನಾಲ್ಕು ದಿನದ ಲೆಕ್ಕ

ಉಳಿದವರು ಒಂದು ನೋಟ್‌ಬುಕ್ ಹಿಡಿಯಿರಿ. ಮಲಗಿದ ಸಮಯ, ಎದ್ದ ಸಮಯ, ಅಂದಾಜು ಎಷ್ಟು ಗಂಟೆ ನಿದ್ದೆ ಬಂತು, ಕಾಫಿ–ಟೀ ಕುಡಿದ ಹೊತ್ತು, ಊಟದ ಹೊತ್ತು, ನಡೆದ ನಿಮಿಷಗಳು. ಜೊತೆಗೆ ದಿನಕ್ಕೆ ನಾಲ್ಕು ಸಲ, ಚೈತನ್ಯಕ್ಕೆ 1ರಿಂದ 10ರೊಳಗೆ ಒಂದು ಅಂಕ: ಎದ್ದು ಒಂದು ಗಂಟೆಯ ನಂತರ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ, ರಾತ್ರಿ 8ಕ್ಕೆ. ಎದ್ದ ತಕ್ಷಣ ಅಂಕ ಕೊಡಬೇಡಿ. ಚೆನ್ನಾಗಿ ಮಲಗಿದವರಿಗೂ ಮೊದಲ ಅರ್ಧ ಗಂಟೆ ಮಂಪರು ಇರುವುದು ಸಹಜ, ಅದನ್ನು ಸುಸ್ತು ಎಂದು ಬರೆದರೆ ಲೆಕ್ಕವೇ ಕೆಡುತ್ತದೆ.

ಎರಡು ವಾರ ಕಳೆದ ಮೇಲೆ ಅಂಕಗಳ ಜಾಡು ನೋಡಿ. ರಜಾದಿನ ಎರಡು ಗಂಟೆ ಹೆಚ್ಚು ಮಲಗಿ ಅಂಕ ಏರಿದರೆ ನಿದ್ದೆಯ ಬಾಕಿ ಖಚಿತ. ಮಲಗಿದ್ದು ಎಂದಿನಷ್ಟೇ ಆಗಿದ್ದೂ ರಜೆಯಲ್ಲಿ ಅಂಕ ಏರಿದರೆ ದೇಹಕ್ಕಿಂತ ಕೆಲಸದ ಹೊರೆಯನ್ನು ನೋಡಿ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ 2ರ ಹೊತ್ತಿಗೆ ಕುಸಿದರೆ ಊಟ ಮತ್ತು ನಿದ್ದೆ ಎರಡನ್ನೂ ತಿದ್ದಬೇಕು. (ಆ ಹೊತ್ತಿನ ತುಸು ಜೋಂಪು ದೇಹದ ಗಡಿಯಾರದ್ದೇ, ಊಟ ಬಿಟ್ಟರೂ ಬರುತ್ತದೆ.) ಎಂಟು ಗಂಟೆ ನಿದ್ದೆ ಬಂದೂ ಇಡೀ ದಿನ 3–4ರಲ್ಲೇ ನಿಂತರೆ ಮೊದಲು ರಕ್ತ ಪರೀಕ್ಷೆ, ಉಳಿದದ್ದು ಆಮೇಲೆ.

ರಕ್ತ ಪರೀಕ್ಷೆಯಲ್ಲಿ ಏನು ನೋಡಬೇಕು

ಕೇಳಬೇಕಾದ ಪಟ್ಟಿ ಚಿಕ್ಕದು: ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ಬಿ12, ಟಿಎಸ್‌ಎಚ್ (ಥೈರಾಯ್ಡ್), ಎಚ್‌ಬಿಎ1ಸಿ (ಕಳೆದ ಎರಡು–ಮೂರು ತಿಂಗಳ ಸಕ್ಕರೆ), ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ. ಹಲವರು ಎಡವುವುದು ಫೆರಿಟಿನ್ ಬಿಟ್ಟುಬಿಡುವುದರಲ್ಲಿ. ಹಿಮೋಗ್ಲೋಬಿನ್ ಗಂಡಸರಲ್ಲಿ 13, ಗರ್ಭಿಣಿಯಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕೆಳಗಿಳಿದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿದೆ. ಆದರೆ ಹಿಮೋಗ್ಲೋಬಿನ್ ಇಳಿಯುವ ಮೊದಲೇ ಕಬ್ಬಿಣದ ದಾಸ್ತಾನು ಖಾಲಿಯಾಗಿರುತ್ತದೆ, ಸುಸ್ತು ಆಗಲೇ ಶುರುವಾಗಿರಬಹುದು. ಆ ದಾಸ್ತಾನನ್ನು ತೋರಿಸುವುದು ಫೆರಿಟಿನ್. ಅದು 15ಕ್ಕಿಂತ ಕಡಿಮೆಯೆಂದರೆ ಕಬ್ಬಿಣದ ಕೊರತೆ. ಲಕ್ಷಣಗಳಿದ್ದಾಗ 30ರೊಳಗಿನ ಅಂಕಿಗೂ ಅನೇಕ ವೈದ್ಯರು ಚಿಕಿತ್ಸೆ ಕೊಡುತ್ತಾರೆ. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ. ಆದ್ದರಿಂದ ಜ್ವರದಲ್ಲಿದ್ದಾಗ ಮಾಡಿಸಬೇಡಿ.

ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ನುಂಗುವ ಕ್ರಮದಲ್ಲೇ ಅರ್ಧ ಫಲವಿದೆ. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಸುಮಾರು ಒಂದು ದಿನ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತದೆ. ಹಾಗಾಗಿ ದಿನಕ್ಕೆರಡು ನುಂಗುವುದಕ್ಕಿಂತ ದಿನ ಬಿಟ್ಟು ದಿನ ಒಂದು ಮಾತ್ರೆ ಹಲವರಿಗೆ ಚೆನ್ನಾಗಿ ಒಗ್ಗುತ್ತದೆ, ಹೊಟ್ಟೆಯುರಿಯೂ ಕಡಿಮೆ. ನಿಮಗೆ ಯಾವುದು ಸರಿ ಎಂದು ವೈದ್ಯರನ್ನು ಕೇಳಿ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆಗಳಿಂದ ಎರಡು ಗಂಟೆ ದೂರವಿಡಿ. ಚೀಟಿಯ ಮೇಲಿನ ಅಂಕಿಯಲ್ಲೂ ಗೊಂದಲವಿದೆ: 325 ಮಿಲಿಗ್ರಾಂ ಫೆರಸ್ ಸಲ್ಫೇಟ್‌ನಲ್ಲಿ ನಿಜವಾದ ಕಬ್ಬಿಣ ಇರುವುದು ಸುಮಾರು 65 ಮಿಲಿಗ್ರಾಂ ಮಾತ್ರ. ಮಲ ಕಪ್ಪಾಗುವುದು ಮಾತ್ರೆಯ ಪರಿಣಾಮ, ಗಾಬರಿ ಬೇಡ. ಡಾಂಬರಿನಂತೆ ಅಂಟಿ ವಾಸನೆ ಹೊಡೆದರೆ ಮಾತ್ರ ಬೇರೆ ಮಾತು. ಹಿಮೋಗ್ಲೋಬಿನ್ ಸರಿಹೋಯಿತೆಂದು ಅಲ್ಲಿಗೇ ನಿಲ್ಲಿಸಿದರೆ ದಾಸ್ತಾನು ತುಂಬುವುದಿಲ್ಲ, ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ.

ಕಬ್ಬಿಣ ಎಲ್ಲಿ ಸೋರಿತು ಎಂದು ಕೇಳದೆ ಮಾತ್ರೆ ನುಂಗುವುದು ಅರೆಬರೆ ಕೆಲಸ. ಮುಟ್ಟು ಏಳು ದಿನ ದಾಟಿದರೆ, ಗಂಟೆಗೊಂದು ಪ್ಯಾಡ್ ನೆನೆದರೆ ಸ್ರಾವ ಹೆಚ್ಚೆಂದೇ ಅರ್ಥ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕಡಿಮೆಯಾದರೆ ಜಠರ–ಕರುಳಿನಲ್ಲಿ ರಕ್ತ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲೇಬೇಕು.

ಬಿ12 ಕೊರತೆ ಮಾಂಸ, ಮೊಟ್ಟೆ, ಹಾಲು ತಿನ್ನದವರಲ್ಲಿ, ಮೆಟ್‌ಫಾರ್ಮಿನ್ (ಮಧುಮೇಹದ ಮಾತ್ರೆ) ಅಥವಾ ಅಸಿಡಿಟಿ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಹೆಚ್ಚು. 200 ಪಿಕೋಗ್ರಾಂಗಿಂತ ಕೆಳಗೆ ಕೊರತೆ; 200–300 ಅನುಮಾನದ ವಲಯ, ಪಾದ ಜೋಮು ಹಿಡಿಯುತ್ತಿದ್ದರೆ ಇನ್ನಷ್ಟು ಅನುಮಾನ. ಬಿ12 ನೋಡದೆ ಬರೀ ಫೋಲಿಕ್ ಆಸಿಡ್ ನುಂಗಬೇಡಿ: ರಕ್ತದ ವರದಿ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರಗಳ ಹಾನಿ ನಡೆದೇ ಇರುತ್ತದೆ.

ಥೈರಾಯ್ಡ್ ಪರೀಕ್ಷೆಗೆ ಒಂದು ಎಚ್ಚರಿಕೆ. ಕೂದಲು–ಉಗುರಿಗೆಂದು ನುಂಗುವ ಬಯೋಟಿನ್ ಮಾತ್ರೆಗಳು ವರದಿಯನ್ನು ತಪ್ಪಾಗಿಸಬಲ್ಲವು, ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ. ಈಗಾಗಲೇ ಥೈರಾಕ್ಸಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ತಿಂಡಿ–ಕಾಫಿಗೆ ಮುನ್ನ 30ರಿಂದ 60 ನಿಮಿಷ ಬಿಡಿ. ಕಬ್ಬಿಣ, ಕ್ಯಾಲ್ಸಿಯಂಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ಎಚ್‌ಬಿಎ1ಸಿ 6.5 ಅಥವಾ ಹೆಚ್ಚಿದ್ದರೆ ಮಧುಮೇಹ, 5.7ರಿಂದ 6.4 ಅದರ ಹೊಸ್ತಿಲು. ಕಬ್ಬಿಣದ ಕೊರತೆಯಲ್ಲಿ ಈ ಅಂಕಿ ತುಸು ಸುಳ್ಳೇ ಏರುತ್ತದೆಂಬುದು ನೆನಪಿರಲಿ.

ವಿಟಮಿನ್ ಡಿ ಬಗ್ಗೆ ಇರುವ ಭರವಸೆ ಅತಿಯಾಯಿತು. ಕೊರತೆಯಿದ್ದರೆ ತುಂಬಿಸಿ. ಇಲ್ಲದಿದ್ದಾಗ ಹೆಚ್ಚಿನ ಡೋಸ್ ನುಂಗುತ್ತಾ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ಅದರಿಂದಲೇ ಸುಸ್ತಾಗುತ್ತದೆ!

ಮನೆಯ ಔಷಧಿ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿ. ನೆಗಡಿ–ಅಲರ್ಜಿಯ ಹಳೆಯ ಮಾತ್ರೆಗಳು, ಬಿಪಿ–ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್‌ಗಳು, ಕೆಲವು ಖಿನ್ನತೆಯ ಔಷಧಿಗಳು ಸುಸ್ತು ತರುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಹೊತ್ತು ಬದಲಿಸಬಹುದೇ, ಬೇರೆ ಔಷಧಿ ಇದೆಯೇ ಎಂದು ಕೇಳಿ.

ನಿದ್ದೆ: ಏಳುವ ಹೊತ್ತಿನಿಂದ ಶುರು ಮಾಡಿ

‘ಇಂದಿನಿಂದ ಬೇಗ ಮಲಗುತ್ತೇನೆ’ ಎಂಬ ಸಂಕಲ್ಪ ಸೋಲಲು ಕಾರಣವಿದೆ. ನಿದ್ದೆಯನ್ನು ಕರೆದ ಹೊತ್ತಿಗೆ ಬರಿಸಲಾಗದು. ಏಳುವುದು ಮಾತ್ರ ನಮ್ಮ ಕೈಯಲ್ಲಿದೆ. ಹಾಗಾಗಿ ಏಳುವ ಸಮಯವನ್ನು ವಾರದ ಏಳೂ ದಿನ ಒಂದೇ ಇಡಿ, ರಜೆಯಲ್ಲೂ ಒಂದು ಗಂಟೆಗಿಂತ ಹೆಚ್ಚು ಜಾರಲು ಬಿಡಬೇಡಿ. ಎದ್ದ ಒಂದು ಗಂಟೆಯೊಳಗೆ 20–30 ನಿಮಿಷ ಹೊರಗಿನ ಬೆಳಕಿಗೆ ಬನ್ನಿ. ಮನೆಯೊಳಗಿನ ದೀಪ ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಮಾತ್ರ, ಮೋಡ ಕವಿದ ಆಕಾಶವೂ ಸಾವಿರಾರು ಲಕ್ಸ್ ಕೊಡುತ್ತದೆ. ಈ ಬೆಳಕೇ ದೇಹದ ಗಡಿಯಾರಕ್ಕೆ ಕೀಲಿ ಕೊಡುವುದು, ರಾತ್ರಿಯ ನಿದ್ದೆ ಯಾವಾಗ ಬರಬೇಕೆಂದೂ ಅದೇ ತೀರ್ಮಾನಿಸುತ್ತದೆ.

ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಏಳುವ ಸಮಯದಿಂದ ಏಳೂವರೆ ಗಂಟೆ ಹಿಂದಕ್ಕೆ ಎಣಿಸಿ, ಅದೇ ಮಲಗುವ ಹೊತ್ತು. ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದೂ ಆರು ಗಂಟೆಯಷ್ಟೇ ನಿದ್ದೆ ಬರುವವರಿಗೆ ಬೇರೆ ದಾರಿ: ಹಾಸಿಗೆಯ ಸಮಯವನ್ನೇ ಆರೂವರೆ ಗಂಟೆಗೆ ಕಡಿತ ಮಾಡಿ. ಮಲಗಿದ ಸಮಯದ ಶೇ 85ರಷ್ಟು ನಿದ್ದೆ ಬರತೊಡಗಿದ ಮೇಲೆ ವಾರಕ್ಕೆ 15 ನಿಮಿಷದಂತೆ ಹೆಚ್ಚಿಸಿ. ಮೊದಲ ವಾರ ಸುಸ್ತು ಹೆಚ್ಚಾಗುತ್ತದೆ, ಬಹುಪಾಲು ಜನ ಬಿಟ್ಟುಬಿಡುವುದು ಅಲ್ಲೇ. ವಾಹನ ಓಡಿಸುವ ಕೆಲಸದವರು, ಅಪಸ್ಮಾರ ಅಥವಾ ಬೈಪೋಲಾರ್ ಇರುವವರು ವೈದ್ಯರ ಸಲಹೆಯಿಲ್ಲದೆ ಇದಕ್ಕೆ ಕೈ ಹಾಕಬಾರದು. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತಿರಿ, ಕಣ್ಣು ಎಳೆದಾಗ ಮರಳಿ. ಗಡಿಯಾರ ನೋಡಬೇಡಿ.

ಕೆಫೀನ್ ಶಕ್ತಿ ಕೊಡುವುದಿಲ್ಲ. ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಸೇರುತ್ತಾ ಹೋಗುವ ಅಡಿನೊಸಿನ್ ಎಂಬ ರಾಸಾಯನಿಕದ ಸಂದೇಶವನ್ನು ಅದು ತಡೆಹಿಡಿಯುತ್ತದೆ ಅಷ್ಟೇ. ಸಾಲ ತೀರುವುದಿಲ್ಲ, ನೋಟಿಸ್ ಮುಚ್ಚಿಟ್ಟಂತೆ. ದೇಹದಲ್ಲಿ ಅದರ ಅರ್ಧಾಯುಷ್ಯ ಸುಮಾರು ಐದು ಗಂಟೆ. ಸಂಜೆ 4ಕ್ಕೆ ಕುಡಿದ 100 ಮಿಲಿಗ್ರಾಂನಲ್ಲಿ ರಾತ್ರಿ 9ಕ್ಕೆ 50, ನಡುರಾತ್ರಿ 2ಕ್ಕೆ 25 ಉಳಿದಿರುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಇನ್ನೂ ನಿಧಾನ. ಆರೋಗ್ಯವಂತರಿಗೆ ದಿನಕ್ಕೆ 400, ಗರ್ಭಿಣಿಯರಿಗೆ 200 ಮಿಲಿಗ್ರಾಂ ಮಿತಿ. ಕೊನೆಯ ಕಪ್ ಮಲಗುವುದಕ್ಕೆ ಎಂಟು ಗಂಟೆ ಮೊದಲೇ ಮುಗಿಯಲಿ. ಕಡಿಮೆ ಮಾಡುವಾಗ ಮೂರು ದಿನಕ್ಕೆ ಅರ್ಧ ಕಪ್‌ನಂತೆ ಇಳಿಸಿ. ಒಮ್ಮೆಲೇ ಬಿಟ್ಟರೆ 12–24 ಗಂಟೆಯಲ್ಲಿ ತಲೆನೋವು, ಸುಸ್ತು ಶುರುವಾಗಿ ಒಂದು ವಾರದವರೆಗೂ ಕಾಡುತ್ತದೆ, ‘ಕಾಫಿ ಇಲ್ಲದಿದ್ದರೆ ನನಗಾಗದು’ ಎಂಬ ತಪ್ಪು ತೀರ್ಮಾನಕ್ಕೆ ದಾರಿಯಾಗುತ್ತದೆ.

ಹಗಲು ನಿದ್ದೆ ಬೇಕೆನಿಸಿದರೆ ಮಧ್ಯಾಹ್ನ 3 ಗಂಟೆಯೊಳಗೆ, 20 ನಿಮಿಷ, ಅಲಾರಂ ಇಟ್ಟು. ಅದು ಮೀರಿದರೆ ಗಾಢ ನಿದ್ದೆಗಿಳಿದು, ಎದ್ದಾಗ ಮೊದಲಿಗಿಂತ ಮಂಕಾಗಿರುತ್ತೀರಿ. ಮದ್ಯ ಬೇಗ ಮಲಗಿಸುತ್ತದೆ ನಿಜ, ಆದರೆ ರಾತ್ರಿಯ ಎರಡನೇ ಅರ್ಧವನ್ನು ಚೂರು ಮಾಡುತ್ತದೆ.

ಸಾಕಷ್ಟು ಮಲಗಿಯೂ ಹಗಲು ತೂಕಡಿಸುತ್ತಿದ್ದರೆ ಪಕ್ಕದಲ್ಲಿ ಮಲಗುವವರನ್ನು ಕೇಳಿ: ಗೊರಕೆ ಜೋರೇ? ನಡುವೆ ಉಸಿರು ನಿಂತು, ಗಕ್ಕನೆ ಎಳೆದಂತೆ ಆಗುತ್ತದೆಯೇ? ಬೆಳಿಗ್ಗೆ ತಲೆನೋವು, ಬಾಯಿ ಒಣಗಿರುವುದು, ಬಿಪಿ ಏರಿರುವುದು ಜೊತೆಗಿದ್ದರೆ ಸ್ಲೀಪ್ ಆಪ್ನಿಯ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ) ಇರಬಹುದು. 1991ರಲ್ಲಿ ಪ್ರಕಟವಾದ ಎಪ್‌ವರ್ತ್ ತೂಕಡಿಕೆ ಮಾಪಕದಲ್ಲಿ ಎಂಟು ಪ್ರಶ್ನೆಗಳಿವೆ, 24ಕ್ಕೆ 10 ದಾಟಿದರೆ ನಿದ್ರಾ ಪರೀಕ್ಷೆಗೆ ಕೇಳಿ. ಇದಕ್ಕೆ ಚಿಕಿತ್ಸೆಯಿದೆ, ವಿಟಮಿನ್ ಅಲ್ಲ.

ಊಟ, ನೀರು

ಇಲ್ಲಿ ಹೇಳುವುದು ಕಡಿಮೆ. ಪ್ರತಿ ಊಟದಲ್ಲಿ 20–30 ಗ್ರಾಂ ಪ್ರೋಟೀನ್ ಇರಲಿ, ತಟ್ಟೆಯ ಅರ್ಧ ತರಕಾರಿಯಾಗಲಿ, ಊಟವಾದ ಮೇಲೆ 10–15 ನಿಮಿಷ ನಡೆಯಿರಿ. ಸಕ್ಕರೆ ಏರಿಳಿತ ತಗ್ಗಿ ಮಧ್ಯಾಹ್ನದ ಜೋಂಪು ಹಗುರಾಗುತ್ತದೆ. ತೂಕ ಇಳಿಸಲು ಊಟ ತೀರಾ ಕಡಿತ ಮಾಡಿಕೊಂಡು ಸುಸ್ತೆನ್ನುವವರು ಮೊದಲು ಅದನ್ನೇ ಸರಿಪಡಿಸಲಿ. ನೀರಿಗೆ ಲೀಟರ್ ಲೆಕ್ಕ ಬೇಡ: ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕು. ಬಿ ವಿಟಮಿನ್ ಮಾತ್ರೆ ನುಂಗಿದ ದಿನ ಮಾತ್ರ ಈ ಪರೀಕ್ಷೆ ನಡೆಯದು, ಬಣ್ಣ ಹೇಗೂ ಗಾಢವಾಗಿಯೇ ಬರುತ್ತದೆ.

ನಡಿಗೆ, ಮತ್ತು ಯಾರು ನಡೆಯಬಾರದು

ಸುಸ್ತಾಗಿದ್ದಾಗ ವ್ಯಾಯಾಮ ಎಂದರೆ ಕೋಪ ಬರುತ್ತದೆ, ಸಹಜ. ಆದರೆ 2008ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಕೂತೇ ಇರುತ್ತಿದ್ದ ಸುಸ್ತಿನ ಜನ ವಾರಕ್ಕೆ ಮೂರು ದಿನ 20 ನಿಮಿಷದಂತೆ ಆರು ವಾರ ಸೈಕಲ್ ತುಳಿದಾಗ ಹುರುಪು ಹೆಚ್ಚಿತು. ಸುಸ್ತು ಹೆಚ್ಚು ಇಳಿದದ್ದು ಮಧ್ಯಮ ವೇಗದಲ್ಲಿ ತುಳಿದವರಲ್ಲಲ್ಲ, ನಿಧಾನ ತುಳಿದವರಲ್ಲಿ. ಆದ್ದರಿಂದ ಮೊದಲ ಎರಡು ವಾರ ದಿನಕ್ಕೆ 10 ನಿಮಿಷ, ಮುಂದಿನೆರಡು ವಾರ 20, ಆಮೇಲೆ ವಾರಕ್ಕೆ ಐದು ದಿನ 30 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ವಾರಕ್ಕೆರಡು ಸಲ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 8–10 ಬಾರಿ, ಎರಡು ಸುತ್ತು.

ನಡೆದ ಮಾರನೆಯ ದಿನವೂ ಮೊದಲಿಗಿಂತ ಹೆಚ್ಚು ಸುಸ್ತಿದ್ದರೆ ಪ್ರಮಾಣ ಅರ್ಧಕ್ಕಿಳಿಸಿ. ಆದರೂ ಪ್ರತಿ ಸಲ 12ರಿಂದ 48 ಗಂಟೆಗಳ ನಂತರ ಕುಸಿತ ಬಂದು ದಿನಗಟ್ಟಲೆ ಉಳಿದರೆ, ವಿಶೇಷವಾಗಿ ವೈರಲ್ ಸೋಂಕಿನ ನಂತರ ಶುರುವಾದದ್ದಾದರೆ, ವ್ಯಾಯಾಮ ನಿಲ್ಲಿಸಿ. ಇದು ದೀರ್ಘಕಾಲದ ಸುಸ್ತಿನ ಕಾಯಿಲೆಯಾದ ಎಂಇ/ಸಿಎಫ್‌ಎಸ್ ಇರಬಹುದು. ಇದರಲ್ಲಿ ಹಂತಹಂತವಾಗಿ ವ್ಯಾಯಾಮ ಏರಿಸುವ ಚಿಕಿತ್ಸೆಯನ್ನು ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿತು. ಇವರು ಕುಸಿತ ಬರುವ ಮಟ್ಟಕ್ಕಿಂತ ಕೆಳಗೇ ಕೆಲಸ ನಿಲ್ಲಿಸಬೇಕು: ಅರ್ಧ ಅಡುಗೆ, ವಿರಾಮ, ಉಳಿದರ್ಧ, ಸ್ನಾನ ಕೂತು. ಚೆನ್ನಾಗಿದ್ದ ದಿನ ಬಾಕಿ ಕೆಲಸವೆಲ್ಲ ಮುಗಿಸುವ ಆಸೆಯೇ ಮುಂದಿನ ಕುಸಿತದ ಬೀಜ.

ಎಲ್ಲವನ್ನೂ ಒಂದೇ ಸೋಮವಾರ ಶುರು ಮಾಡಬೇಡಿ; ಯಾವುದು ಫಲಿಸಿತೆಂದು ತಿಳಿಯದು. ಏಳುವ ಸಮಯ ಮತ್ತು ಬೆಳಕು ಮೊದಲ ವಾರ, ಕೆಫೀನ್ ಎರಡನೆಯದು, ನಡಿಗೆ ಮೂರನೆಯದು. ಆರು ವಾರದ ನಂತರ ಮತ್ತೆ ನಾಲ್ಕು ಹೊತ್ತಿನ ಅಂಕ ಬರೆಯಿರಿ. ಸರಾಸರಿ ಎರಡು ಅಂಕವೂ ಏರದಿದ್ದರೆ ನೋಟ್‌ಬುಕ್ ಸಮೇತ ವೈದ್ಯರ ಬಳಿಗೆ ಹೋಗಿ. ‘ಸುಸ್ತು ಡಾಕ್ಟ್ರೇ’ ಎನ್ನಬೇಡಿ. ಯಾವಾಗಿನಿಂದ, ದಿನದ ಯಾವ ಹೊತ್ತಿಗೆ, ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ, ಎಷ್ಟು ಮಲಗಿದರೂ ಹೇಗಿರುತ್ತದೆ, ಈ ನಾಲ್ಕನ್ನು ಹೇಳಿ.